ಮೋಟಾರು ಕಾರಿನಲ್ಲಿ ಸುಟ್ಟ ವಾಸನೆ: ಕಾರಣ ಪತ್ತೆ, ಪರಿಹಾರ ಹಾಗೂ ಸಂಬಂಧಿತ ಸೇವೆಗಳ ಕುರಿತು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಚಲಿಸುತ್ತಿರುವ ಅಥವಾ ಆಗಷ್ಟೇ ನಿಲ್ಲಿಸಿದ ಕಾರಿನಿಂದ ಸುಟ್ಟ ವಾಸನೆ ಬಂದಾಗ ಮೊದಲು ಮಾಡತಕ್ಕದ್ದೇನು, ವಾಸನೆಯ ಬಗೆಯಿಂದ ದೋಷವನ್ನು ಗುರುತಿಸುವುದು ಹೇಗೆ, ಯಾವುದನ್ನು ಮಾಲೀಕರೇ ಸರಿಪಡಿಸಿಕೊಳ್ಳಬಹುದು, ಯಾವುದನ್ನು ನುರಿತ ಮೆಕ್ಯಾನಿಕರಿಗೆ ಬಿಡಬೇಕು ಹಾಗೂ ಇದಕ್ಕೆ ಸಂಬಂಧಿಸಿದಂತೆ ನೋಂದಣಿ ಪ್ರಾಧಿಕಾರದಿಂದ ಪಡೆಯಬೇಕಾದ ಸೇವೆಗಳಾವುವು ಎಂಬುದನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಉಡುಪಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರವೂ ಇನ್ನೊಂದು ಮಗ್ಗುಲಲ್ಲಿ ಪಶ್ಚಿಮ ಘಟ್ಟವೂ ಇವೆ. ಬೆಳಿಗ್ಗೆ ಮರವಂತೆಯ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಮೈಯೊಡ್ಡಿ ನಿಂತ ಕಾರು ಮಧ್ಯಾಹ್ನದೊಳಗೆ ಕೊಲ್ಲೂರು ಘಾಟಿಯನ್ನೋ ಹುಲಿಕಲ್ ಘಾಟಿಯನ್ನೋ ಏರಿ ಇಳಿದಿರಬಹುದು. ಆದುದರಿಂದ ಇಲ್ಲಿನ ಮಾಲೀಕರು ವಿಶೇಷವಾಗಿ ಗಮನಿಸಬೇಕಾದ ಕಾರಣಗಳು ಎರಡು. ಒಂದು, ಇಳಿಜಾರಿನಲ್ಲಿ ಕಾದ ಬ್ರೇಕ್ ಮತ್ತು ಏರಿನಲ್ಲಿ ಸವೆದ ಕ್ಲಚ್. ಇನ್ನೊಂದು, ಉಪ್ಪು, ತೇವ ಹಾಗೂ ಇಲಿಗಳಿಂದ ಕೆಟ್ಟ ವಿದ್ಯುತ್ ತಂತಿ. ಇವೆರಡನ್ನು ಮುಂದೆ ವಿಸ್ತಾರವಾಗಿಯೂ ಉಳಿದವನ್ನು ಸಂಕ್ಷಿಪ್ತವಾಗಿಯೂ ತಿಳಿಸಲಾಗಿದೆ.

ವಾಸನೆ ಬಂದ ಕೂಡಲೇ

ವಾಸನೆಯ ಜೊತೆಗೆ ಹೊಗೆ ಕಂಡರೆ ಕಾರಣ ಹುಡುಕುವ ಸಮಯ ಅದಲ್ಲ. ವಾಹನವನ್ನು ರಸ್ತೆಯ ಎಡಬದಿಗೆ ತಂದು, ಅಪಾಯಸೂಚಕ ದೀಪಗಳನ್ನು ಹಾಕಿ, ಎಂಜಿನ್ ಹಾಗೂ ಇಗ್ನಿಷನ್ ಎರಡನ್ನೂ ನಿಲ್ಲಿಸತಕ್ಕದ್ದು. ಇಗ್ನಿಷನ್ ನಿಂತರೆ ಇಂಧನ ಪಂಪೂ ನಿಲ್ಲುತ್ತದೆ. ಹಿಂಬದಿಯ ಆಸನದಲ್ಲಿರುವ ಮಕ್ಕಳನ್ನೂ ವೃದ್ಧರನ್ನೂ ಮೊದಲು ಇಳಿಸಿ, ಎಲ್ಲರೂ ಕನಿಷ್ಠ 30 ಮೀಟರ್ ದೂರ ಹೋಗಬೇಕು. ಸಾಮಾನು, ಕೈಚೀಲ, ದಾಖಲೆಗಳಿಗಾಗಿ ಮರಳಿ ಬರಬಾರದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವಾಹನದ ಹಿಂದೆ ರಸ್ತೆಯ ಮೇಲೆ ನಿಲ್ಲುವುದು ಬೆಂಕಿಯಷ್ಟೇ ಅಪಾಯಕರ. ತಡೆಬೇಲಿಯ ಆಚೆಗೆ ನಿಲ್ಲುವುದು ಸೂಕ್ತ.

ಬಾನೆಟ್ ಅಡಿಯಿಂದ ಹೊಗೆ ಬರುತ್ತಿರುವಾಗ ಬಾನೆಟನ್ನು ಪೂರ್ತಿ ಎತ್ತಿ ನೋಡಬಾರದು. ಒಳಗೆ ಹೊಗೆಯಾಡುತ್ತಿರುವ ಬೆಂಕಿಗೆ ಒಮ್ಮೆಲೇ ಗಾಳಿ ಸಿಕ್ಕಿ ಜ್ವಾಲೆ ಮುಖಕ್ಕೇ ಹಾಯುವ ಸಂಭವವಿರುತ್ತದೆ. ಒಣಪುಡಿಯ ಅಗ್ನಿನಂದಕವಿದ್ದರೆ, ಬಾನೆಟಿನ ಬೀಗವನ್ನು ಮಾತ್ರ ಸಡಿಲಿಸಿ ಆ ಸಂದಿನಿಂದ ಸಿಂಪಡಿಸಬಹುದು. ಅದೂ ಬೆಂಕಿ ಚಿಕ್ಕದಾಗಿದ್ದಾಗ ಮಾತ್ರ. ಅಗ್ನಿನಂದಕವು ಚಾಲಕರ ಕೈಗೆಟಕುವಲ್ಲಿರಬೇಕು. ಡಿಕ್ಕಿಯಲ್ಲಿ ಸಾಮಾನಿನ ಕೆಳಗೆ ಇಟ್ಟ ಅಗ್ನಿನಂದಕ ಇದ್ದೂ ಇಲ್ಲದಂತೆ.

ವಿದ್ಯುತ್ ದೋಷದಿಂದ ಬಾಗಿಲುಗಳ ಬೀಗ ಹಾಗೂ ಕಿಟಕಿಗಳು ಕೆಲಸ ಮಾಡದಿದ್ದಲ್ಲಿ ಪಕ್ಕದ ಗಾಜಿನ ಮೂಲೆಗೆ ಚೂಪಾದ ಲೋಹದ ಸಾಧನದಿಂದ ಹೊಡೆದು ಒಡೆಯತಕ್ಕದ್ದು. ಮುಂದಿನ ಗಾಜು ಪದರಗಳಿಂದ ಕೂಡಿದ್ದಾದ್ದರಿಂದ ಅದನ್ನು ಒಡೆಯಲು ಯತ್ನಿಸಿ ಸಮಯ ಕಳೆಯಬಾರದು.

ತುರ್ತು ಕರೆಗೆ 112, ಅಗ್ನಿಶಾಮಕ ಸೇವೆಗೆ 101, ಆಂಬುಲೆನ್ಸಿಗೆ 108 ಹಾಗೂ ರಾಷ್ಟ್ರೀಯ ಹೆದ್ದಾರಿಯಲ್ಲಿದ್ದಲ್ಲಿ 1033 ಸಂಖ್ಯೆಗಳನ್ನು ಸಂಪರ್ಕಿಸಬಹುದು. ಘಾಟಿ ರಸ್ತೆಗಳು ಅಭಯಾರಣ್ಯದ ನಡುವೆ ಹಾದುಹೋಗುವುದರಿಂದ ಕೆಲವೆಡೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಅಂತಹ ಕಡೆ ದಾರಿಯಲ್ಲಿ ಬರುವ ಬಸ್ಸಿನ ಚಾಲಕರ ಮೂಲಕ ಸುದ್ದಿ ಕಳುಹಿಸುವುದು ಒಳ್ಳೆಯದು. ಕರೆ ಮಾಡುವಾಗ ಕೊನೆಗೆ ದಾಟಿದ ಊರಿನ ಹೆಸರನ್ನೂ ಏರುತ್ತಿದ್ದಿರೋ ಇಳಿಯುತ್ತಿದ್ದಿರೋ ಎಂಬುದನ್ನೂ ತಿಳಿಸಿದರೆ ವಾಹನ ಬೇಗ ತಲುಪುತ್ತದೆ.

ವಾಸನೆಗೆ ಹೆಸರಿಡುವುದು

ಹೊಗೆಯಿಲ್ಲದೆ ವಾಸನೆ ಮಾತ್ರ ಬಂದಿದ್ದರೆ ಮೊದಲು ಅದು ತಮ್ಮ ಕಾರಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ಈ ಭಾಗದಲ್ಲಿ ಗೇರುಬೀಜದ ಕಾರ್ಖಾನೆಗಳಿವೆ. ಬೀಜದ ಸಿಪ್ಪೆಯ ಘಾಟು ಹೊಗೆ ರಸ್ತೆಗೆ ಹರಡಿದಾಗ ಪರವೂರಿನ ಚಾಲಕರು ಗಾಬರಿಯಿಂದ ಕಾರು ನಿಲ್ಲಿಸುವುದು ಸಹಜ. ಘಾಟಿಯಲ್ಲಿ ಮುಂದೆ ಇಳಿಯುತ್ತಿರುವ ಲಾರಿಯ ಬ್ರೇಕಿನ ವಾಸನೆಯೂ ನಮ್ಮ ಕಾರಿನೊಳಗೆ ಬರುತ್ತದೆ. ಹವಾನಿಯಂತ್ರಕವನ್ನು ಹೊರಗಿನ ಗಾಳಿ ಬಾರದಂತೆ ಒಳಚಲನೆಯ ಸ್ಥಿತಿಗೆ ತಿರುಗಿಸಿ ಸ್ವಲ್ಪ ದೂರ ಸಾಗಿದಾಗ ವಾಸನೆ ಮಾಯವಾದರೆ ಅದು ಹೊರಗಿನದು.

ಕಾರಿನದೇ ಆಗಿದ್ದಲ್ಲಿ, ಗ್ಯಾರೇಜಿಗೆ ಹೋಗಿ 'ಸುಟ್ಟ ವಾಸನೆ ಬರುತ್ತಿದೆ' ಎಂದಷ್ಟೇ ಹೇಳುವುದರಿಂದ ಪ್ರಯೋಜನ ಕಡಿಮೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ಕಾರು ತಣ್ಣಗಾಗಿ ವಾಸನೆ ಹೋಗಿರುತ್ತದೆ. ಅಡುಗೆಮನೆಯಲ್ಲಿ ಸೀದ ಹಾಲಿಗೂ ಕಮಟಿದ ಎಣ್ಣೆಗೂ ಒಗ್ಗರಣೆಯ ಘಾಟಿಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಕಾರಿನ ವಾಸನೆಗಳನ್ನು ಬೇರ್ಪಡಿಸುವುದು ಕಷ್ಟವೇನಲ್ಲ. ಸುಟ್ಟ ಕಾಗದದಂತಿದ್ದರೆ ಕ್ಲಚ್. ಮೂಗು ಕೊರೆಯುವ ಘಾಟಾಗಿದ್ದು ಚಕ್ರದ ಬಳಿ ಹೆಚ್ಚಾಗಿದ್ದರೆ ಬ್ರೇಕ್. ಕರಿದು ಕರಿದು ಹಳತಾದ ಎಣ್ಣೆಯಂತಿದ್ದರೆ ಬಿಸಿ ಕೊಳವೆಯ ಮೇಲೆ ತೊಟ್ಟಿಕ್ಕಿದ ಎಂಜಿನ್ ಆಯಿಲ್. ಬೆಲ್ಲದ ಪಾಕದಂತೆ ಸಿಹಿಯಾಗಿದ್ದರೆ ಕೂಲೆಂಟ್ ಸೋರಿಕೆ. ಕರಗಿದ ಪ್ಲಾಸ್ಟಿಕ್ಕಿನಂತೆ, ಕೆಲವೊಮ್ಮೆ ಮೀನಿನಂತೆ ಇದ್ದರೆ ವಿದ್ಯುತ್ ತಂತಿ. ಕೊಳೆತ ಮೊಟ್ಟೆಯಂತಿದ್ದರೆ ಅತಿಯಾಗಿ ಚಾರ್ಜ್ ಆಗುತ್ತಿರುವ ಬ್ಯಾಟರಿ ಅಥವಾ ಹೊಗೆ ಶುದ್ಧಿಕಾರಕದ ದೋಷ. ಸುಡದ ಹಸಿ ಪೆಟ್ರೋಲಿನ ವಾಸನೆ ಬಂದರೆ ಅದು ಸುಟ್ಟ ವಾಸನೆಗಿಂತಲೂ ಅಪಾಯಕಾರಿ. ಅಂತಹ ಕಾರನ್ನು ಮತ್ತೆ ಚಾಲನೆ ಮಾಡಕೂಡದು.

ವಾಸನೆ ಬಂದಾಗ ಏರಿನಲ್ಲಿದ್ದಿರೋ ಇಳಿಜಾರಿನಲ್ಲಿದ್ದಿರೋ, ಹವಾನಿಯಂತ್ರಕ, ದೀಪ, ವೈಪರ್ ಇವುಗಳಲ್ಲಿ ಯಾವುದು ಚಾಲೂ ಇತ್ತು, ಮಳೆಯಿತ್ತೇ, ಕಾರು ಹೊರಟು ಎಷ್ಟು ಹೊತ್ತಾಗಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಮೆಕ್ಯಾನಿಕರಿಗೆ ತೋರಿಸತಕ್ಕದ್ದು. ಅನಗತ್ಯವಾಗಿ ಬಿಡಿಭಾಗಗಳನ್ನು ಬದಲಾಯಿಸುವ ಖರ್ಚನ್ನು ಈ ಚೀಟಿ ಉಳಿಸುತ್ತದೆ.

ಘಾಟಿ ರಸ್ತೆಯಲ್ಲಿ ಬ್ರೇಕ್ ಮತ್ತು ಕ್ಲಚ್

1200 ಕಿಲೋ ತೂಕದ ಕಾರು 500 ಮೀಟರ್ ಎತ್ತರವನ್ನು ಬ್ರೇಕಿನ ಬಲದಿಂದಲೇ ಇಳಿದರೆ ಅದರ ಬ್ರೇಕುಗಳಲ್ಲಿ ಹುಟ್ಟುವ ಶಾಖವು ಸುಮಾರು 20 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಸಾಕಾಗುತ್ತದೆ. ಈ ಶಾಖವೆಲ್ಲ ನಾಲ್ಕು ಚಕ್ರಗಳ ಚಿಕ್ಕ ತಟ್ಟೆ ಹಾಗೂ ಡ್ರಮ್ಮುಗಳಲ್ಲಿ ಸೇರಿಕೊಳ್ಳುತ್ತದೆ. ಹುಲಿಕಲ್ ಘಾಟಿಯಿಂದ ಹೊಸಂಗಡಿಯ ಕಡೆಗೆ, ನಾಗೋಡಿಯಿಂದ ಕೊಲ್ಲೂರಿನ ಕಡೆಗೆ, ಅಥವಾ 14 ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯಿಂದ ಸೋಮೇಶ್ವರ, ಹೆಬ್ರಿ ಮಾರ್ಗವಾಗಿ ಬ್ರಹ್ಮಾವರದ ಕಡೆಗೆ ಇಳಿಯುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಳಿಯುವಾಗ ಎಂಜಿನ್ನಿನ ತಡೆಯನ್ನು ಬಳಸತಕ್ಕದ್ದು. ಏರಲು ಯಾವ ಗೇರ್ ಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ, ಅಂದರೆ ಬಹುತೇಕ ಎರಡನೆಯ ಗೇರಿನಲ್ಲಿ ಇಳಿಯುವುದು ಹಳೆಯ ಚಾಲಕರ ಕ್ರಮ, ಮತ್ತು ಅದು ಸರಿಯಾದ ಕ್ರಮವೇ. ಸ್ವಯಂಚಾಲಿತ ಗೇರಿನ ಕಾರುಗಳಲ್ಲಿ 'ಎಲ್', '2' ಅಥವಾ ಕೈಯಿಂದ ಗೇರ್ ಬದಲಿಸುವ ಸ್ಥಿತಿಯನ್ನು ಆರಿಸಿಕೊಳ್ಳಬೇಕು. ಬ್ರೇಕನ್ನು ಒಂದೇ ಸಮನೆ ಹಗುರವಾಗಿ ಒತ್ತಿಹಿಡಿಯದೆ, ಬೇಕಾದಾಗ ದೃಢವಾಗಿ ಒತ್ತಿ ಬಿಡಬೇಕು. ಇಂಧನ ಉಳಿಸುವ ಆಸೆಯಿಂದ ನ್ಯೂಟ್ರಲ್‌ನಲ್ಲಿ ಅಥವಾ ಎಂಜಿನ್ ನಿಲ್ಲಿಸಿ ಇಳಿಯುವುದು ಪ್ರಾಣಕ್ಕೆ ಎರವಾಗುವ ಅಭ್ಯಾಸ. ಎಂಜಿನ್ ನಿಂತರೆ ಬ್ರೇಕಿಗೆ ದೊರೆಯುವ ನಿರ್ವಾತದ ನೆರವೂ ನಿಲ್ಲುತ್ತದೆ. ಇಂಧನ ಸಿಂಪಡಿಕೆಯ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನದ ಪೂರೈಕೆ ತಾನಾಗಿಯೇ ಕಡಿತವಾಗುವುದರಿಂದ ಉಳಿತಾಯದ ಮಾತೂ ನಿಜವಲ್ಲ.

ಬ್ರೇಕಿನ ಘಾಟು ಬಂದಲ್ಲಿ ತಿರುವಿನಲ್ಲಿ ನಿಲ್ಲಿಸದೆ, ಮುಂದೆ ಸಿಗುವ ಸಮತಟ್ಟಾದ ಅಗಲ ಜಾಗದಲ್ಲಿ ನಿಲ್ಲಿಸತಕ್ಕದ್ದು. ಕಾದ ಬ್ರೇಕಿನ ಮೇಲೆ ಕೈಬ್ರೇಕ್ ಎಳೆಯದೆ, ಕಾರನ್ನು ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆಯುವುದು ಕರ್ತವ್ಯ. ಬಿಸಿ ಚಕ್ರಕ್ಕೆ ನೀರು ಸುರಿಯಬಾರದು, ತಟ್ಟೆ ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಅರ್ಧ ಗಂಟೆ ಕಾದು ಬ್ರೇಕ್ ಪೆಡಲನ್ನು ಒತ್ತಿ ನೋಡಬೇಕು. ಪೆಡಲ್ ಮೊದಲಿನಂತೆ ಗಟ್ಟಿಯಾಗಿದ್ದರೆ ನಿಧಾನವಾಗಿ ಮುಂದುವರಿಯಬಹುದು. ಮೆತ್ತಗಾಗಿ ಕೆಳಗಿಳಿದರೆ ಬ್ರೇಕ್ ದ್ರವ ಕುದಿದು ಆವಿಗುಳ್ಳೆಗಳಾಗಿವೆ ಎಂದರ್ಥ. ಆ ಕಾರನ್ನು ಎಳೆದೊಯ್ಯುವ ವಾಹನದಲ್ಲೇ ಸಾಗಿಸತಕ್ಕದ್ದು.

ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಡಾಟ್ 3 ದರ್ಜೆಯ ಹೊಸ ದ್ರವವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ಇರಬೇಕೆಂಬುದು ಮಾನದಂಡ. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155 ಡಿಗ್ರಿ. ಕರಾವಳಿಯ ತೇವದ ಹವೆಯಲ್ಲಿ ಇರುವ, ಘಟ್ಟ ಹತ್ತಿಳಿಯುವ ಕಾರಿನ ದ್ರವವನ್ನು ಎರಡು ವರ್ಷಗಳಿಗೊಮ್ಮೆ ಬದಲಾಯಿಸುವುದನ್ನು ಮುಂದೂಡಬಾರದು. ಮಳೆಗಾಲಕ್ಕಿಂತ ಮುಂಚೆ ಬ್ರೇಕ್ ಪ್ಯಾಡಿನ ದಪ್ಪವನ್ನೂ ಪರೀಕ್ಷಿಸಿ, 3 ಮಿಲಿಮೀಟರಿಗೆ ಇಳಿದಿದ್ದರೆ ಹೊಸದನ್ನು ಹಾಕಿಸಬೇಕು.

ಒಂದು ಚಕ್ರ ಮಾತ್ರ ಕಾದಿದ್ದರೆ ದೋಷ ಚಾಲನೆಯದಲ್ಲ, ಯಂತ್ರದ್ದು. ಕಾರಿನ ಸುತ್ತ ನಡೆದು, ಪ್ರತಿ ಚಕ್ರದ ಬಳಿ ಕೈಯ ಹಿಂಭಾಗವನ್ನು ಮುಟ್ಟಿಸದೆ ಹಿಡಿದರೆ ಶಾಖದ ವ್ಯತ್ಯಾಸ ತಿಳಿಯುತ್ತದೆ. ಈ ಭಾಗದ ಅನೇಕ ಕುಟುಂಬಗಳ ಮಾಲೀಕರು ಮುಂಬಯಿ, ಬೆಂಗಳೂರು ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿದ್ದು, ಊರಿನ ಕಾರು ಕೈಬ್ರೇಕ್ ಹಾಕಿದ ಸ್ಥಿತಿಯಲ್ಲೇ ಮಳೆಗಾಲವಿಡೀ ನಿಂತಿರುತ್ತದೆ. ಆಗ ಹಿಂಚಕ್ರದ ಬ್ರೇಕ್ ಷೂಗಳು ಡ್ರಮ್ಮಿಗೆ ಅಂಟಿಕೊಳ್ಳುತ್ತವೆ, ಕೇಬಲ್ ತುಕ್ಕು ಹಿಡಿಯುತ್ತದೆ. ರಜೆಯಲ್ಲಿ ಬಂದವರು ಕೀಲಿ ತಿರುಗಿಸಿ ನೇರವಾಗಿ ದೇವಸ್ಥಾನಕ್ಕೆ ಹೊರಟರೆ ಹತ್ತು ಕಿಲೋಮೀಟರಿನೊಳಗೆ ವಾಸನೆ ಬರುವುದು ಆಶ್ಚರ್ಯವಲ್ಲ. ದೀರ್ಘಕಾಲ ನಿಲ್ಲಿಸುವಾಗ ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿಟ್ಟು, ಚಕ್ರಗಳಿಗೆ ಅಡ್ಡ ಕೊಟ್ಟು, ಕೈಬ್ರೇಕನ್ನು ಬಿಟ್ಟಿಡುವುದೇ ಪರಿಹಾರ.

ಕ್ಲಚ್ಚಿನ ವಾಸನೆ ಏರಿನದು. ಹಬ್ಬದ ದಿನಗಳಲ್ಲಿ ವಾಹನಗಳ ಸಾಲಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ಕಾರನ್ನು ಹಿಡಿದು ನಿಲ್ಲಿಸುವುದರಿಂದ ಕ್ಲಚ್ ತಟ್ಟೆಯ ಹೊರಪದರ ಸುಡುತ್ತದೆ. ಏರಿನಲ್ಲಿ ಕೈಬ್ರೇಕ್ ಬಳಸಿ ಹೊರಡುವುದನ್ನು ಚಾಲನಾ ಪರೀಕ್ಷೆಯ ಸಲುವಾಗಿ ಮಾತ್ರ ಕಲಿತು ಮರೆಯಬಾರದು. ಒಮ್ಮೆ ಬಂದು 20 ನಿಮಿಷದ ವಿಶ್ರಾಂತಿಯ ನಂತರ ಹೋದ ವಾಸನೆಗೆ ದುರಸ್ತಿ ಬೇಕಿಲ್ಲ. ಆದರೆ ಸಮತಟ್ಟಾದ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸದ್ದು ಏರಿ, ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದು ತಿಳಿಯತಕ್ಕದ್ದು. ಅಂತಹ ಕಾರಿನಲ್ಲಿ ಘಟ್ಟ ಏರಲು ಹೊರಡಬಾರದು.

ವಿದ್ಯುತ್ ತಂತಿ: ಅಧಿಕ ಶಕ್ತಿಯ ದೀಪ, ಇಲಿ, ಉಪ್ಪು

ಬ್ರೇಕ್ ಹಾಗೂ ಕ್ಲಚ್ಚಿನ ವಾಸನೆ ಎಚ್ಚರಿಸಿ ಕಾಲಾವಕಾಶ ಕೊಡುತ್ತದೆ. ತಂತಿಯ ವಾಸನೆ ಹಾಗಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದ ಕಾರನ್ನು 'ಮನೆ ಹತ್ತಿರವೇ ಇದೆ' ಎಂದು ಓಡಿಸಬಾರದು.

ಮಳೆಗಾಲದ ರಾತ್ರಿಗಳಲ್ಲಿ ದಾರಿ ಕಾಣುವುದಿಲ್ಲವೆಂದು ಹೆಚ್ಚಿನ ವ್ಯಾಟಿನ ಬಲ್ಬು ಹಾಕಿಸುವುದು ಸಾಮಾನ್ಯ. 12 ವೋಲ್ಟಿನ ಕಾರಿನಲ್ಲಿ 60 ವ್ಯಾಟಿನ ಎರಡು ಬಲ್ಬುಗಳು 10 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತವೆ. 100 ವ್ಯಾಟಿನವಾದರೆ ಸುಮಾರು 16.7 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ತಿನ ವರ್ಗಕ್ಕನುಗುಣವಾಗಿ ಏರುವುದರಿಂದ ಅದೇ ತಂತಿ ಸುಮಾರು 2.8 ಪಟ್ಟು ಹೆಚ್ಚು ಕಾಯುತ್ತದೆ. ಫ್ಯೂಸ್ ಸುಟ್ಟಾಗ 15 ಆಂಪಿಯರಿನ ನೀಲಿ ಫ್ಯೂಸಿನ ಜಾಗದಲ್ಲಿ 30 ಆಂಪಿಯರಿನ ಹಸಿರು ಫ್ಯೂಸ್ ಸಿಕ್ಕಿಸುವುದು, ತಂತಿಯ ಎಳೆ ಸುತ್ತುವುದು ಇನ್ನೂ ಕೆಟ್ಟದ್ದು. ಆಗ ಸುಡಬೇಕಾದ ಫ್ಯೂಸ್ ಉಳಿದು, ಉಳಿಯಬೇಕಾದ ತಂತಿ ಸುಡುತ್ತದೆ. ಹೊರಗಿನಿಂದ ಅಳವಡಿಸಿದ ಹಾರ್ನ್, ಧ್ವನಿವರ್ಧಕ, ಹಿಂಬದಿ ಕ್ಯಾಮೆರಾಗಳಿಗೆ ಮೂಲ ತಂತಿಯನ್ನು ಕತ್ತರಿಸಿ ಟೇಪ್ ಸುತ್ತಿ ಜೋಡಿಸಿದ್ದರೆ, ವಾಸನೆಯ ಮೂಲವನ್ನು ಮೊದಲು ಅಲ್ಲಿಯೇ ಹುಡುಕತಕ್ಕದ್ದು.

ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯ ಇಲಿಗಳು ಮನೆಯಂಗಳಕ್ಕೆ ಬರುತ್ತವೆ. ಬೆಚ್ಚಗಿನ ಎಂಜಿನ್ ಕೋಣೆ ಅವಕ್ಕೆ ಒಳ್ಳೆಯ ಆಶ್ರಯ. ತಂತಿಯ ಹೊದಿಕೆಯನ್ನು ಕಡಿಯುವುದಲ್ಲದೆ, ಬೈಹುಲ್ಲು ಹಾಗೂ ತೆಂಗಿನ ನಾರು ತಂದು ಹೊಗೆಕೊಳವೆಯ ಪಕ್ಕದಲ್ಲೇ ಗೂಡು ಕಟ್ಟುತ್ತವೆ. ವಾರಕ್ಕೊಮ್ಮೆ ಹಗಲಿನಲ್ಲಿ, ಎಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ನೋಡುವುದು ಅಗತ್ಯ. ಇಲಿ ಬಾರದಿರಲೆಂದು ಹೊಗೆಸೊಪ್ಪಿನ ಎಲೆಗಳನ್ನು ಎಂಜಿನ್ ಬಳಿ ಕಟ್ಟುವ ರೂಢಿಯಿದೆ. ಒಣಗಿದ ಹೊಗೆಸೊಪ್ಪೂ ಹತ್ತಿ ಉರಿಯುವ ವಸ್ತುವೇ ಎಂಬುದನ್ನು ಗಮನಿಸತಕ್ಕದ್ದು. ವಾಹನ ಪೂಜೆಯ ನಂತರ ಮುಂದಿನ ಜಾಲರಿಗೆ ಕಟ್ಟಿದ ಹಾರ, ಬಣ್ಣದ ಪಟ್ಟಿಗಳನ್ನೂ ದೂರದ ಪ್ರಯಾಣಕ್ಕೆ ಮುನ್ನ ತೆಗೆಯುವುದು ಲೇಸು. ಗಾಳಿಯ ದಾರಿ ಕಟ್ಟಿದರೆ ಎಂಜಿನ್ ಕಾಯುತ್ತದೆ.

ಕಡಲ ಬದಿಯ ಮನೆಗಳಲ್ಲಿ ನಿಲ್ಲುವ ಕಾರುಗಳ ಬ್ಯಾಟರಿ ತುದಿಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟುತ್ತದೆ. ಬಿಗಿಯಿಲ್ಲದ, ತುಕ್ಕು ಹಿಡಿದ ಜೋಡಣೆಯು ಸ್ಟಾರ್ಟ್ ಮಾಡುವಾಗ ವಿಪರೀತ ಕಾಯುತ್ತದೆ. ಮೊದಲು ಋಣ ತುದಿಯನ್ನೂ ನಂತರ ಧನ ತುದಿಯನ್ನೂ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಮುಲಾಮು ಸವರಿ, ಋಣ ತುದಿಯನ್ನು ಕೊನೆಗೆ ಜೋಡಿಸಬೇಕು. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ನೆಲಸಂಪರ್ಕದ ಪಟ್ಟಿಯನ್ನೂ ಹೀಗೆಯೇ ಶುಚಿಗೊಳಿಸತಕ್ಕದ್ದು.

ಸೌಪರ್ಣಿಕಾ ಮುಂತಾದ ನದಿಗಳ ನೆರೆಯಲ್ಲಿ ಅಥವಾ ಗಂಗೊಳ್ಳಿ ಅಳಿವೆಯ ಸುತ್ತಲಿನ ಉಪ್ಪುನೀರಿನಲ್ಲಿ ಮುಳುಗಿದ ಕಾರನ್ನು, ನೀರು ಇಳಿದು ಒಣಗಿದೆ ಎಂಬ ಕಾರಣಕ್ಕೆ ಸ್ಟಾರ್ಟ್ ಮಾಡಬಾರದು. ನೀರು ಆರಿದರೂ ಉಪ್ಪು ಉಳಿದು ದಿನಗಳ ನಂತರವೂ ತಂತಿಗಳು ಶಾರ್ಟ್ ಆಗಬಹುದು. ವಿದ್ಯುಚ್ಚಾಲಿತ ಕಾರುಗಳಾದರೆ ಮನೆಯಿಂದ ದೂರ ಬಯಲಿನಲ್ಲಿರಿಸಿ ತಯಾರಕರ ಅಧಿಕೃತ ಕೇಂದ್ರಕ್ಕೆ ತಿಳಿಸತಕ್ಕದ್ದು. ಅವುಗಳ ಬ್ಯಾಟರಿ ಒಮ್ಮೆ ಆರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಲ್ಲದು.

ಇತರ ಕಾರಣಗಳು

ಆಯಿಲ್ ಬದಲಾಯಿಸಿದ ದಿನ ಬರುವ ಎಣ್ಣೆಯ ವಾಸನೆ ಚೆಲ್ಲಿದ ಎಣ್ಣೆಯದಾಗಿರಬಹುದು, ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಗದಿದ್ದರೆ ಮೇಲ್ಮುಚ್ಚಳದ ಗ್ಯಾಸ್ಕೆಟ್ ಬದಲಾಯಿಸಬೇಕು. ಸಿಹಿ ವಾಸನೆಯೊಂದಿಗೆ ತಾಪಮಾಪಕ ಏರಿದ್ದರೆ ಎಂಜಿನ್ ತಣಿಯುವವರೆಗೆ ರೇಡಿಯೇಟರ್ ಮುಚ್ಚಳ ತೆರೆಯಕೂಡದು. ನೆಲಕ್ಕೆ ಚೆಲ್ಲಿದ ಕೂಲೆಂಟ್ ವಿಷವಾದ್ದರಿಂದ ನಾಯಿ, ಬೆಕ್ಕು, ದನಗಳು ನೆಕ್ಕದಂತೆ ತೊಳೆಯಬೇಕು. ಹೊಸ ಕಾರಿನಲ್ಲಿ ಮೊದಲ ಕೆಲವು ಪ್ರಯಾಣಗಳಲ್ಲಿ ಬರುವ ವಾಸನೆ ರಕ್ಷಣಾ ಲೇಪದ್ದು.

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಮಸಿ ಸೋಸುಕವು ಆಗಾಗ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಆಗ ಬರುವ ಬಿಸಿ ವಾಸನೆ ದೋಷವಲ್ಲ. ಆದರೆ ಆ ಸಮಯದಲ್ಲಿ ಕಾರನ್ನು ಒಣಹುಲ್ಲಿನ ಮೇಲೆ ಅಥವಾ ಬೈಹುಲ್ಲು ಹರಡಿದ ಅಂಗಳದಲ್ಲಿ ನಿಲ್ಲಿಸಬಾರದು.

ದಾಖಲೆ ಮತ್ತು ಸೇವೆಗಳು

ಕಾರಿನ ಇಂಧನ ವ್ಯವಸ್ಥೆಯನ್ನು ಅನಿಲಕ್ಕೆ ಪರಿವರ್ತಿಸುವುದೂ ಸೇರಿದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ಬದಲಾಗುವಂತಹ ಮಾರ್ಪಾಡಿಗೆ ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52 ಅನ್ವಯಿಸುತ್ತದೆ. ಅನುಮೋದಿತ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲೇ ಅಳವಡಿಸಿ, ನೋಂದಣಿ ಪತ್ರದಲ್ಲಿ ನಮೂದು ಮಾಡಿಸತಕ್ಕದ್ದು. ಸಿಎನ್‌ಜಿ ಸಿಲಿಂಡರನ್ನು ಮೂರು ವರ್ಷಗಳಿಗೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು. ಅನುಮತಿಯಿಲ್ಲದ ಮಾರ್ಪಾಡಿಗೆ 2019ರ ತಿದ್ದುಪಡಿಯ ನಂತರ ಕಲಂ 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ದಂಡಕ್ಕಿಂತ ಹೆಚ್ಚಿನ ನಷ್ಟವೆಂದರೆ, ಬೆಂಕಿ ಅನಾಹುತವಾದಾಗ ವಿಮಾ ಸಂಸ್ಥೆಯು ಇದೇ ಕಾರಣಕ್ಕೆ ಪರಿಹಾರವನ್ನು ನಿರಾಕರಿಸುವ ಸಾಧ್ಯತೆ. ಮೂರನೆಯ ವ್ಯಕ್ತಿಯ ಹೊಣೆಗೆ ಮಾತ್ರ ಪಡೆದ ವಿಮೆಯಲ್ಲಿ ತಮ್ಮ ಕಾರು ಸುಟ್ಟರೆ ಪರಿಹಾರವಿಲ್ಲ ಎಂಬುದೂ ತಿಳಿದಿರಲಿ.

ಒಂದೇ ಮಾದರಿಯ ಕಾರುಗಳಲ್ಲಿ ತಯಾರಿಕೆಯ ದೋಷ ಕಂಡುಬಂದಲ್ಲಿ ಅವುಗಳನ್ನು ಹಿಂದಕ್ಕೆ ಕರೆಸಲು ಕಲಂ 110ಎ ಅಡಿ ಅವಕಾಶ ಕಲ್ಪಿಸಲಾಗಿದೆ. ಕಾರಣ ತಿಳಿಯದೆ ಪದೇ ಪದೇ ಸುಟ್ಟ ವಾಸನೆ ಬರುತ್ತಿದ್ದರೆ, ಚಾಸಿಸ್ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿ ತಮ್ಮ ಕಾರು ಅಂತಹ ಪಟ್ಟಿಯಲ್ಲಿದೆಯೇ ಎಂದು ಪರಿಶೀಲಿಸಿಕೊಳ್ಳಬೇಕು. ಪಟ್ಟಿಯಲ್ಲಿದ್ದರೆ ದುರಸ್ತಿಯ ವೆಚ್ಚ ತಯಾರಕರದು.

15 ವರ್ಷ ಪೂರೈಸಿದ ಖಾಸಗಿ ಕಾರುಗಳ ನೋಂದಣಿ ನವೀಕರಣಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಈ ತಪಾಸಣೆಗೆ ಹೊಳಪು ಕೊಟ್ಟು ತರುವುದಕ್ಕಿಂತ ಬ್ರೇಕ್ ಹಾಗೂ ತಂತಿಗಳನ್ನು ಸರಿಪಡಿಸಿ ತರುವುದು ಉಪಯುಕ್ತ.

ಬೆಂಕಿಯಲ್ಲಿ ನೋಂದಣಿ ಪತ್ರ ನಾಶವಾಗಿದ್ದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಿ, ನಮೂನೆ 26ರಲ್ಲಿ ದ್ವಿಪ್ರತಿಗೆ ಅರ್ಜಿ ಸಲ್ಲಿಸಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಪ್ರತಿಯು ತಪಾಸಣೆಗೆ ಮಾನ್ಯವಾಗಿರುತ್ತದೆ. ಕಾರು ಸಂಪೂರ್ಣ ಸುಟ್ಟು ಮತ್ತೆ ಬಳಸಲಾಗದ ಸ್ಥಿತಿಯಲ್ಲಿದ್ದರೆ ಕಲಂ 55ರಂತೆ 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ತಾವು ವಾಸವಿರುವ ಪ್ರದೇಶದ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪತ್ರವನ್ನು ಒಪ್ಪಿಸತಕ್ಕದ್ದು. ಕೆಎ 20 ಸಂಕೇತದ ವಾಹನಗಳ ನೋಂದಣಿ ಪ್ರಾಧಿಕಾರವು ಉಡುಪಿಯ ಪ್ರಾದೇಶಿಕ ಸಾರಿಗೆ ಕಚೇರಿಯಾಗಿರುತ್ತದೆ. ಸಾಲದ ಮೇಲೆ ಪಡೆದ ಕಾರಾಗಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಪತ್ರವನ್ನೂ, ವಿಮೆಯ ಉದ್ದೇಶಕ್ಕಾಗಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ವರದಿಯ ಪ್ರತಿಯನ್ನೂ ಪಡೆದಿಟ್ಟುಕೊಳ್ಳಬೇಕು. ನೋಂದಣಿ ರದ್ದಾದ ನಂತರ, ಪಾವತಿಸಿದ ಜೀವಾವಧಿ ತೆರಿಗೆಯ ಉಳಿಕೆ ಭಾಗಕ್ಕೆ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ, 1957ರ ನಿಯಮಾನುಸಾರ ಮರುಪಾವತಿ ಕೋರಿ ಪ್ರತ್ಯೇಕ ಅರ್ಜಿಯನ್ನು ಸಲ್ಲಿಸಬಹುದಾಗಿದೆ. ಸುಟ್ಟ ಕಾರನ್ನು ಗುಜರಿಗೆ ಒಪ್ಪಿಸುವ ಮುನ್ನ ಚಾಸಿಸ್ ಸಂಖ್ಯೆ ಕೆತ್ತಿರುವ ಭಾಗದ ಛಾಯಾಚಿತ್ರ ಹಾಗೂ ಪೆನ್ಸಿಲ್ ಅಚ್ಚನ್ನು ತೆಗೆದಿಟ್ಟುಕೊಳ್ಳತಕ್ಕದ್ದು.